ಸೊನ್ನೆಗಿಂತ ಕಡಿಮೆ ರೇಟು

ನಜೀರ್ ಅಹಮದ್ ಸಾಬರು ಒಂದು ಕಟ್ಟು ಕೊತ್ತಂಬರಿ ಸೊಪ್ಪು ಕೊಳ್ಳಬೇಕಾದರೂ ಮಾರ್ಕೆಟ್ಟಿನ ಈ ತುದಿಯಿಂದ ಆ ತುದಿಯವರೆಗೆ ರೇಟು ವಿಚಾರಿಸಿಕೊಂಡು ಹೋಗಿ, ಕೊನೆಗೆ ಮೊದಲು ಕೇಳಿದವಳ ಹತ್ತಿರವೇ ವಾಪಸ್ಸು ಬಂದು ನಿಲ್ಲುವವರ ಪೈಕಿ. ಅಷ್ಟು ಹೊತ್ತಿಗೆ ಅವಳ ಸೊಪ್ಪು ಖರ್ಚಾಗಿರುತ್ತಿತ್ತು. ಆ ದಿನ ಮನೆಯಲ್ಲಿ ಸೊಪ್ಪಿಲ್ಲದ ಸಾರು. ಅವರ ತಾಯಿ ರಹಿಮಾ ಬೀ ತಟ್ಟೆಯ ಮುಂದೆ ಕೂತು, "ನನ್ನ ಮಗ ಇವತ್ತು ಯಾರಿಂದಲೂ ಮೋಸ ಹೋಗಿಲ್ಲ, ಸಾರು ಕುಡಿದ್ರೇನೆ ಗೊತ್ತಾಗುತ್ತೆ" ಎನ್ನುತ್ತಿದ್ದರು.

ಈ ಕುಟುಂಬದ ಮನೆಮಾತು ದಖನಿ. ಅದರಲ್ಲಿ ಬೈಗುಳಕ್ಕೆ ಇರುವ ಖಾರ ಕನ್ನಡಕ್ಕೆ ಇಳಿಸುವಾಗ ಅರ್ಧ ಆವಿಯಾಗುತ್ತದೆ. ಓದುಗರು ಅಲ್ಲಲ್ಲಿ ತಾವೇ ಮೆಣಸಿನಪುಡಿ ಉದುರಿಸಿಕೊಳ್ಳಬೇಕು.

ತುಮಕೂರಿನ ಶಿರಾ ಗೇಟ್ ಹತ್ತಿರ ಸಾಬರದೊಂದು ಬ್ಯಾಗಿನ ಅಂಗಡಿ, ಅದರ ಹಿಂದಿನ ಗಲ್ಲಿಯಲ್ಲಿ ಮನೆ. ಮನೆಯಲ್ಲಿ ತಾಯಿ, ಹೆಂಡತಿ ಮುಬೀನಾ, ಒಬ್ಬಳೇ ಮಗಳು ಇರಮ್. ಬಿ.ಎಡ್. ಮುಗಿಸಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಇರಮ್‌ಗೆ ಕುಣಿಗಲ್ಲಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಮುಜಮ್ಮಿಲ್‌ನದು ಹೈವೇ ಪಕ್ಕ ಟೈರ್ ಅಂಗಡಿ. ಬಂದು ನೋಡಿಕೊಂಡು ಹೋಗಿದ್ದ. ಹಿಂದೆ ಬಂದ ಹುಡುಗರಿಗೆಲ್ಲ ಒಂದೊಂದು ಕೊಂಕು ತೆಗೆದಿದ್ದ ಇರಮ್ ಈ ಸಲ "ನಿಮ್ಮಿಷ್ಟ" ಎಂದು ತಲೆ ತಗ್ಗಿಸಿ ಒಳಗೆ ಹೋಗಿಬಿಟ್ಟಳು. ಒಳಗಿನಿಂದ ಹಾಡು ಗುನುಗುವುದು ಕೇಳಿಸಿತು. ಅವಳಿಷ್ಟ ಏನೆಂದು ತಾಯಿಗೆ ಗೊತ್ತಾಯಿತು. ಆದರೆ ಕುಣಿಗಲ್ಲಿನವರು ಇನ್ನೂ ಮಾತು ಕೊಟ್ಟಿರಲಿಲ್ಲ. ಗುಬ್ಬಿಯಲ್ಲಿ ಇನ್ನೊಂದು ಮನೆಯ ಹುಡುಗಿಯನ್ನೂ ಅವರು ನೋಡಿದ್ದರು.

"ಮಾತು ಕೊಡೋಕೆ ಮುಂಚೆ ಅವರ ಕಡೆಯವರು ಯಾರಾದ್ರೂ ಹೇಳದೆ ಕೇಳದೆ ವಿಚಾರಿಸೋಕೆ ಬರ್ತಾರೆ," ಎಂದು ರಹಿಮಾ ಬೀ ಮಗನನ್ನು ಎಚ್ಚರಿಸಿದರು. "ನಮ್ಮ ಮುಖ ನೋಡದೇ ಇರೋರನ್ನೇ ಕಳಿಸ್ತಾರೆ. ಟೀ ಅಂಗಡಿ, ಕಟಿಂಗ್ ಶಾಪು, ಅಕ್ಕಪಕ್ಕದ ಮನೆ, ಎಲ್ಲಾ ಕಡೆ ಕೇಳ್ತಾರೆ. ನಿನ್ನ ಬಾಯಿ ಸ್ವಲ್ಪ ಹದದಲ್ಲಿ ಇಟ್ಕೋ."

"ನನಗೆ ಹೇಳ್ಬೇಕಾ ಅಮ್ಮೀ? ವಿಚಾರಿಸೋದು ಅಂದ್ರೇನು ಅಂತ ಊರಿಗೆ ಕಲಿಸಿದೋನೇ ನಾನು," ಎಂದರು ಸಾಬರು.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿರುವ ನಾದಿನಿ ಐಮನ್ ವಿಡಿಯೋ ಕಾಲ್ ಮಾಡಿದಳು.

"ದೂಲೇಭಾಯ್, ನಾವು ಕರೆಂಟ್ ಕಂಪನಿ ಬದಲಾಯಿಸ್ಬಿಟ್ವಿ! ಇಲ್ಲಿ ಎಲ್ಲಾ ಕಂಪನಿ ರೇಟೂ ಫೋನಲ್ಲಿ ಒಂದರ ಪಕ್ಕ ಒಂದು ಬರುತ್ತೆ. ಕಡಿಮೆ ಯಾವುದು ನೋಡಿ ಒತ್ತಿದ್ರೆ ಮುಗೀತು. ಹಳೇ ಕಂಪನಿಯವರು ಫೋನ್ ಮಾಡಿ, ಬಿಟ್ಟು ಹೋಗ್ಬೇಡಿ ಅಂತ ಕೇಳ್ಕೋತಾರೆ."

"ಕರೆಂಟಿನೋರು? ಅವರೇ ಫೋನ್ ಮಾಡ್ತಾರಾ?"

"ಅವರೇ ಮಾಡ್ತಾರೆ."

ಸಾಬರ ಕಣ್ಣು ಒದ್ದೆಯಾಯಿತು. ಹತ್ತಾರು ಅಂಗಡಿ, ಹತ್ತಾರು ರೇಟು, ಅದೂ ಕರೆಂಟಿನಲ್ಲಿ! ಕೊತ್ತಂಬರಿ ಸೊಪ್ಪಿನ ಮಟ್ಟದಲ್ಲಿ ತಮ್ಮ ಪ್ರತಿಭೆ ಇಷ್ಟು ವರ್ಷ ವ್ಯರ್ಥವಾಯಿತಲ್ಲ ಎಂದು ಅವರಿಗೆ ನಿಜವಾಗಿ ದುಃಖವಾಯಿತು.

ಮಾರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಗಂಗಹನುಮಯ್ಯನವರಿಗೆ ವಿಷಯ ತಿಳಿಸಿದರು. ಗಂಗಹನುಮಯ್ಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಜಗಲಿಯ ಮೇಲೆ ಕೂತು ಹಲ್ಲುಜ್ಜುತ್ತಿದ್ದರು.

"ಕರೆಂಟ್ ಕಂಪನಿ ಬದಲಾಯಿಸೋಣ ಅಂತಿದೀನಿ ಗಂಗಹನುಮಯ್ಯನೋರೆ."

ಗಂಗಹನುಮಯ್ಯ ಬಾಯಲ್ಲಿದ್ದ ನೊರೆ ಉಗಿದರು. "ಯಾಕೆ ಸಾಬ್ರೇ? ನಿಮ್ಗೆ ಬಿಲ್ಲೇ ಬರಲ್ವಲ್ಲ. ಇನ್ನೂರು ಯೂನಿಟ್ ಒಳಗೆ ಸರ್ಕಾರದೋರು ಪುಗಸಟ್ಟೆ ಕೊಡ್ತಾವ್ರೆ. ನಿಮ್ದೂ ಸೊನ್ನೆ ಬಿಲ್ಲು, ನಮ್ದೂ ಸೊನ್ನೆ ಬಿಲ್ಲು."

"ಸೊನ್ನೆ ಅಂತ ಒಬ್ಬರು ತಾನೇ ಹೇಳ್ತಿರೋದು? ಇನ್ನೊಬ್ಬರ ಹತ್ರ ಎಷ್ಟಿದೆ ಅಂತ ಕೇಳ್ಬೇಕೋ ಬೇಡ್ವೋ?"

ಗಂಗಹನುಮಯ್ಯ ಬ್ರಷ್ಷನ್ನು ಜಗಲಿಯ ಮೇಲಿಟ್ಟರು. ಆಮೇಲೆ ಬಾಗಿಲ ಕಡೆ ತಿರುಗಿ, "ರೇವಮ್ಮ, ಸಾಬ್ರಿಗೆ ಒಂದು ಲೋಟ ಮಜ್ಜಿಗೆ ಕೊಡು. ತಲೆಗೆ ಬಿಸಿಲು ಹತ್ತೈತೆ," ಎಂದು ಹೆಂಡತಿಗೆ ಕೂಗಿ ಹೇಳಿದರು.

ಮಜ್ಜಿಗೆಯಿಂದ ಇಳಿಯುವ ಬಿಸಿಲಲ್ಲ ಅದು. ಹನ್ನೊಂದು ಗಂಟೆಗೆಲ್ಲ ಸಾಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕರೆಂಟ್ ಆಫೀಸಿನ ಕೌಂಟರ್ ಮುಂದೆ ನಿಂತಿದ್ದರು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಕಿಟಕಿಯ ಆಚೆ ಸದಾಶಿವಯ್ಯ ಎಂಬ ಗುಮಾಸ್ತರು ಚುರುಮುರಿ ತಿನ್ನುತ್ತಿದ್ದರು.

"ಸಾರ್, ಕರೆಂಟ್ ಕಂಪನಿ ಬದಲಾಯಿಸ್ಬೇಕಿತ್ತು. ಯಾವ್ಯಾವ ಕಂಪನಿ ಇದೆ, ಎಷ್ಟೆಷ್ಟು ರೇಟು ಅಂತ ಹೇಳಿದ್ರೆ ನೋಡಿ ಆರಿಸ್ಕೋತೀನಿ."

ಸದಾಶಿವಯ್ಯ ಚುರುಮುರಿ ನಿಲ್ಲಿಸಿದರು. "ನಾವೇ ಇರೋದು."

"ನಿಮ್ಮನ್ನ ಬಿಟ್ಟು?"

"ನಮ್ಮನ್ನ ಬಿಟ್ರೆ ಬುಡ್ಡಿ ದೀಪ."

"ಅಂದ್ರೆ ಹೋಲಿಸಿ ನೋಡೋಕೆ ಏನೂ ಇಲ್ವಾ?"

"ಹಗಲು ಹೊತ್ತು ಸೂರ್ಯನ ಜೊತೆ ಹೋಲಿಸಿ ನೋಡಿ," ಎಂದು ಸದಾಶಿವಯ್ಯ ಮೀಟರ್ ನಂಬರ್ ಕೇಳಿ, ಕಂಪ್ಯೂಟರಿನಲ್ಲಿ ಒತ್ತಿ, ಕನ್ನಡಕ ಮೇಲೆತ್ತಿ ನೋಡಿದರು. "ಏನ್ರೀ ಇದು? ನಿಮ್ಗೆ ಸೊನ್ನೆ ಬಿಲ್ಲು ಬರ್ತಾ ಇದೆ!"

"ಹೌದು ಸಾರ್. ಅದಕ್ಕಿಂತ ಕಡಿಮೆ ಮಾಡ್ಕೊಡ್ತೀರಾ ಅಂತ."

ಸದಾಶಿವಯ್ಯ ಇಡೀ ಆಫೀಸಿಗೆ ಕೇಳುವಂತೆ, "ಬನ್ರೀ ಎಲ್ರೂ, ಇಲ್ಲೊಬ್ಬರು ಸೊನ್ನೆಗೆ ಚೌಕಾಸಿ ಮಾಡ್ತಾವ್ರೆ!" ಎಂದು ಕರೆದರು. ಒಳಗಿನ ಕೋಣೆಯಿಂದಲೂ ಜನ ಎದ್ದು ಬಂದರು. ಎಲ್ಲರೂ ನೋಡಿ, ನಕ್ಕು, ಮೇಜಿಗೆ ವಾಪಸ್ಸಾದ ಮೇಲೆ ಸದಾಶಿವಯ್ಯ ಕಣ್ಣೊರೆಸಿಕೊಂಡು, "ಸೊನ್ನೆ ಬಿಲ್ಲಿಗೂ ಸಮಾಧಾನ ಇಲ್ಲ ಅಂದ್ರೆ ಮನೆಯೊಳಗೆ ಏನೋ ಇರ್ಬೇಕು. ಯಾರನ್ನಾದ್ರೂ ಕಳಿಸಿ ನೋಡಿಸ್ತೀವಿ ಇರಿ," ಎಂದರು.

ಅದು ತಮಾಷೆ. ಹೇಳಿದವರೂ ಆ ಕ್ಷಣವೇ ಮರೆತು ಚುರುಮುರಿಗೆ ಕೈಹಾಕಿದರು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಕದಿಯದೇ ಇದ್ದರೂ ಹೆಗಲು ಮುಟ್ಟಿ ನೋಡಿಕೊಳ್ಳುವವರು ನಮ್ಮ ಸಾಬರು. ಬೇಸಿಗೆಯಲ್ಲಿ ಕೂಲರ್ ಹಾಕಿಕೊಂಡು ಮಲಗಿದ್ದು ನೆನಪಾಯಿತು. ಇನ್ನೂರರ ಅಂಚಿಗೆ ಬಂದು ನಿಂತಿದ್ದ ಯೂನಿಟ್ಟು ನೆನಪಾಯಿತು. ಬೆವರು ಒರೆಸಿಕೊಳ್ಳುತ್ತ ಮನೆಗೆ ಓಡಿ ಬಂದು ಮೊದಲು ಫ್ರಿಜ್ಜಿನ ವೈರ್ ಕಿತ್ತರು.

"ಕರೆಂಟ್ ಚೆಕಿಂಗ್ ಸ್ಕ್ವಾಡ್ ಬರುತ್ತೆ!" ಎಂದರು ಹೆಂಡತಿಗೆ. "ಫ್ರಿಜ್ಜಿಗೆ ಬೆಡ್‌ಶೀಟ್ ಹೊದಿಸು. ಮೇಲೆ ಎರಡು ಕೊಡ ಇಡು. ಯಾರು ಕೇಳಿದ್ರೂ ಬೀರು ಅನ್ನು."

"ಒಳಗೆ ಹಾಲಿದೆ, ಮಾಂಸ ಇದೆ!"

"ಬೀರುವಿನಲ್ಲಿ ಇಡೋ ವಸ್ತುನಾ ಅದು? ತೆಗಿ ಆಚೆಗೆ."

ಮೀಟರು ಎಂಬುದು ಫ್ರಿಜ್ಜಿಗೆ ಬೆಡ್‌ಶೀಟ್ ಹೊದಿಸಿದ ಕೂಡಲೇ ಹಳೆಯದನ್ನೆಲ್ಲ ಮರೆಯುವ ಪ್ರಾಣಿಯಲ್ಲ, ಮತ್ತು ಸೊನ್ನೆ ಬಿಲ್ಲಿಗೂ ಮನೆಯ ಸಾಮಾನಿಗೂ ಯಾವ ಸಂಬಂಧವೂ ಇಲ್ಲ. ಇರಮ್ ಇದನ್ನು ಬಿಡಿಸಿ ಹೇಳಿದಳು. ಬಿ.ಎಡ್. ಮಾಡಿದವರಿಗೆ ಲೋಕಜ್ಞಾನ ಇರುವುದಿಲ್ಲ ಎಂದು ಸಾಬರು ಅವಳ ಬಾಯಿ ಮುಚ್ಚಿಸಿದರು.

ಸುದ್ದಿ ಗಲ್ಲಿಯಲ್ಲಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಾಬರು ಆಫೀಸಿಗೆ ಹೋಗಿ ಏನೋ ಕೇಳಿದರಂತೆ, ಆಫೀಸಿನವರು ಕೆರಳಿದ್ದಾರಂತೆ, ಮನೆ ಮನೆಗೆ ನುಗ್ಗುತ್ತಾರಂತೆ. ಸಂಜೆಗೆ ಗಲ್ಲಿಯ ಅರ್ಧ ಮನೆಗಳಲ್ಲಿ ಮಿಕ್ಸಿಗಳು ಮಂಚದ ಕೆಳಗೆ ಸೇರಿದವು. ರೇವಮ್ಮ ತಮ್ಮ ಹೊಸ ಗ್ರೈಂಡರಿನ ಮೇಲೆ ರಾಗಿ ಮೂಟೆ ಒರಗಿಸಿ, ಮೂಲೆಯಲ್ಲಿ ಮಲಗಿದ್ದ ಒರಳುಕಲ್ಲನ್ನು ತೊಳೆದು ಎದುರಿಗೆ ಇಟ್ಟರು. ದೋಸೆಗೆ ಆ ಕಲ್ಲಿನಲ್ಲಿ ರುಬ್ಬಿದ ಮೇಲೆ ಅವರ ತೋಳು ಎತ್ತಲಾಗಲಿಲ್ಲ. ಬೇಲಿಯಾಚೆಯಿಂದ ಅವರು ಹೇಳಿದ್ದು ಸಾಬರಿಗೆ ನೇರವಾಗಿ ಮುಟ್ಟಿತು.

"ಸೊನ್ನೆ ಕೊಟ್ಟೋರನ್ನ ಯಾರಾದ್ರೂ ಕೆಣಕ್ತಾರಾ ಸಾಬ್ರೇ? ಬಾಯಿ ಸುಮ್ಕಿರಕ್ಕಾಗಲ್ವಾ ನಿಮ್ದು?"

"ತಪ್ಪಾಯ್ತು ಕಣಮ್ಮ. ನನ್ನ ತಲೇಲಿ ಇರೋದು ಮಿದುಳಲ್ಲ, ಹಳೇ ಬ್ಯಾಗಿನ ಹತ್ತಿ. ಯಾರಾದ್ರೂ ಬಂದು ಕೇಳಿದ್ರೆ ನಮ್ಮನೇಲಿ ಏನೂ ಇಲ್ಲ ಅಂತ ಒಂದ್ಮಾತು ಹೇಳ್ಬಿಡಿ. ಅವರು ನಿಮ್ಮ ಮನೆವರೆಗೂ ಬರೋದೇ ಇಲ್ಲ," ಎಂದು ಸಾಬರು ಕೈಮುಗಿದರು.

ಮಾರನೆಯ ದಿನದಿಂದ ಅವರು ಅಂಗಡಿಗೆ ಬೀಗ ಹಾಕಿ, ಗಲ್ಲಿಯ ಬಾಯಲ್ಲೇ ಇದ್ದ ರಂಗಯ್ಯನ ಕಟಿಂಗ್ ಶಾಪಿನ ಬೆಂಚಿನ ಮೇಲೆ ಪೇಪರ್ ಅಡ್ಡ ಹಿಡಿದು ಕೂತರು. ಗಲ್ಲಿಗೆ ಯಾರು ಬಂದರೂ ಅಲ್ಲಿಂದ ಕಾಣುತ್ತಿತ್ತು. ಒಂದು ಮಧ್ಯಾಹ್ನ ಶಾಪಿಗೆ ಅಪರಿಚಿತರೊಬ್ಬರು ಬಂದರು. ಇನ್‌ಶರ್ಟ್ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ರೆಕ್ಸಿನ್ ಬ್ಯಾಗು. ಕುರ್ಚಿಯಲ್ಲಿ ಕೂತು ಶೇವಿಂಗ್ ಮಾಡಲು ಹೇಳಿದರು.

ಇವರು ಮುಜಮ್ಮಿಲ್‌ನ ಸೋದರಮಾವ ಝುಬೇರ್ ಸಾಬರು, ಕುಣಿಗಲ್ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಹುಡುಗಿ ನೋಡಲು ಬಂದಾಗ ಬೇಕೆಂದೇ ಹಿಂದೆ ಉಳಿದಿದ್ದವರು ಎಂದು ಓದುಗರಿಗೆ ಹೇಳಿಬಿಡುವುದು ನಮ್ಮ ಕರ್ತವ್ಯ. ನಜೀರ್ ಸಾಬರಿಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

"ಏನಪ್ಪಾ," ಎಂದರು ಝುಬೇರ್ ಸಾಬರು ನೊರೆಯ ನಡುವಿನಿಂದ, "ಈ ಗಲ್ಲೀಲಿ ನಜೀರ್ ಅಹಮದ್ ಅಂತ ಇದಾರಲ್ಲ, ಹೇಗೆ ಅವರ ಮನೆ ಕಡೆ?"

ರಂಗಯ್ಯನ ಕತ್ತಿ ಗಾಳಿಯಲ್ಲೇ ನಿಂತಿತು. ಅವನ ಮನೆಯ ಗೀಸರೂ ಗೋಣಿಚೀಲದೊಳಗಿತ್ತು. "ನಂಗಷ್ಟು ಗೊತ್ತಿಲ್ಲ ಸಾರ್. ಇಗೋ, ಇವ್ರು ಇಲ್ಲೇ ಇರೋರು. ಇವ್ರನ್ನೇ ಕೇಳಿ," ಎಂದು ಬೆಂಚಿನ ಕಡೆ ತೋರಿಸಿದ.

ಸ್ಕ್ವಾಡೇ ಬಂತು ಎಂದುಕೊಂಡರು ಪೇಪರ್ ಹಿಂದೆ ನಜೀರ್ ಸಾಬರು. ತಾನೇ ನಜೀರ್ ಎಂದರೆ ಈಗಲೇ ಮನೆಗೆ ನಡಿ ಎನ್ನುತ್ತಾರೆ. ಮೆಲ್ಲಗೆ ಪೇಪರ್ ಇಳಿಸಿ, "ಯಾರು, ಆ ನಜೀರಾ? ಗೊತ್ತು ಬಿಡಿ," ಎಂದರು.

"ಅನುಕೂಲಸ್ಥರಾ?"

"ಅನುಕೂಲ ಎಲ್ಲಿಂದ ಬಂತು ಸಾರ್? ಮನೇಲಿ ಒಂದೇ ಬಲ್ಬು. ಅದನ್ನೂ ಊಟಕ್ಕೆ ಕೂತಾಗ ಹಾಕಿ, ಕೈ ತೊಳೆದ ತಕ್ಷಣ ಆರಿಸ್ತಾರೆ. ಫ್ಯಾನ್ ಇಲ್ಲ, ಫ್ರಿಜ್ ಇಲ್ಲ. ಬೀಸಣಿಗೆ ಒಂದಿದೆ. ಅದೂ ಹರಿದಿದೆ."

"ಮನೆ ಚೆನ್ನಾಗಿದೆ ಅಂತ ಕೇಳಿದ್ನಲ್ಲ."

"ಹೊರಗೆ ಸುಣ್ಣ ಬಣ್ಣ, ಒಳಗೆ ಬರೀ ಕತ್ತಲೆ."

ಝುಬೇರ್ ಸಾಬರು ಕನ್ನಡಿಯಲ್ಲಿ ಇವರನ್ನೇ ನೋಡುತ್ತಿದ್ದರು. "ಮನುಷ್ಯ ಹೇಗೆ? ಮೋಸ ಗೀಸ?"

ಕರೆಂಟ್ ಕಳ್ಳನೇ ಎಂದು ಕೇಳುತ್ತಿದ್ದಾರೆ ಎಂದು ಸಾಬರಿಗೆ ಹೊಳೆಯಿತು. "ಅಯ್ಯೋ ಸಾರ್, ಮೋಸ ಮಾಡೋಕೂ ತಲೆ ಬೇಕಲ್ಲ! ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಮಾರ್ಕೆಟ್ಟೆಲ್ಲ ಸುತ್ತಿ ಬರಿಗೈಲಿ ಬರೋನು. ಹೆಂಡತಿ ಮೂರು ಸಾಮಾನು ಹೇಳಿದ್ರೆ ಎರಡು ಮರೀತಾನೆ, ಒಂದು ತಪ್ಪು ತರ್ತಾನೆ. ತಾನು ಬಹಳ ಬುದ್ಧಿವಂತ ಅನ್ನೋ ಭ್ರಮೆ ಬೇರೆ. ಅವನಮ್ಮ ದಿನಾ ಉಗೀತಾರೆ. ಒರೆಸ್ಕೊಂಡು ಓಡಾಡ್ತಾನೆ."

ಹೇಳುತ್ತ ಹೇಳುತ್ತ ಸಾಬರಿಗೆ ಉತ್ಸಾಹ ಏರಿತು. ಇಷ್ಟು ವರ್ಷ ಇದನ್ನೆಲ್ಲ ಬೇರೆಯವರ ಬಾಯಲ್ಲಿ ಕೇಳಿ ಸಹಿಸಿದ್ದರು. ತಮ್ಮ ಬಾಯಿಂದಲೇ ಹೇಳಿದಾಗ ಎದೆ ಹಗುರಾಗುತ್ತದೆ ಎಂದು ಗೊತ್ತಿರಲಿಲ್ಲ. ಹಳೆಯ ಸ್ಕೂಟರ್ ಕೊಂಡು ಮೋಸ ಹೋದದ್ದು, ಶಿರಾದಲ್ಲಿ ಮದುವೆ ಎಂದು ಹೊರಟು ನಿದ್ದೆಗಣ್ಣಿನಲ್ಲಿ ಮಧುಗಿರಿ ಬಸ್ಸು ಹತ್ತಿದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ರಂಗಯ್ಯ ನಗು ತಡೆಯಲಾರದೆ ಗೋಡೆಗೆ ತಿರುಗಿ ಕತ್ತಿ ಮಸೆಯತೊಡಗಿದ.

"ನಿಮ್ಗೂ ಅವ್ರಿಗೂ ಆಗಿಬರಲ್ಲ ಅಂತ ಕಾಣುತ್ತೆ," ಎಂದರು ಝುಬೇರ್ ಸಾಬರು.

"ಚಿಕ್ಕಂದಿನಿಂದಲೂ ಅವನಿಂದ ನನಗೆ ನೆಮ್ಮದಿ ಇಲ್ಲ ಸಾರ್."

"ಒಬ್ಬಳು ಮಗಳಿದ್ದಾಳಂತಲ್ಲ. ಅವಳೂ ಹಾಗೇನಾ?"

ಮನೆಯಲ್ಲಿ ಎಷ್ಟು ತಲೆ ಎಂದು ಲೆಕ್ಕ ಹಾಕುತ್ತಿದ್ದಾರೆ ಎಂದುಕೊಂಡ ಸಾಬರು, ಮಗಳೇ ಇಲ್ಲ ಎಂದುಬಿಡಲು ಬಾಯಿ ತೆರೆದರು. ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದರು. ಆಗಲೂ ಬರಲಿಲ್ಲ.

"ಆ ಮಗು ವಿಷಯ ಬೇರೆ ಸಾರ್," ಎಂದರು ಕೊನೆಗೆ. "ಅಜ್ಜಿಗೆ ಕಣ್ಣು ಆಪರೇಷನ್ ಆದಾಗ ತನ್ನ ಪರೀಕ್ಷೆ ಇದ್ರೂ ಪಕ್ಕದಲ್ಲೇ ಕೂತು ನೋಡ್ಕೊಂಡ್ಳು. ಅಜ್ಜಿಗೆ ಪಾಠ ಓದಿ ಹೇಳಿ ಹೇಳಿನೇ ಪಾಸಾದ್ಳು. ಅವಳ ಅಪ್ಪ ಎಲ್ಲಾದ್ರೂ ಏಮಾರಿ ಮುಖ ಸಣ್ಣಗೆ ಮಾಡ್ಕೊಂಡು ಬಂದ್ರೆ ಮನೇಲಿ ಎಲ್ರೂ ನಗ್ತಾರೆ. ಅವಳು ನಗಲ್ಲ. ನಾಳೆ ನಾನೂ ಬರ್ತೀನಿ, ಇಬ್ರೂ ಹೋಗಿ ಕೇಳೋಣ ಅಂತಾಳೆ. ಅಂಥ ದಡ್ಡನಿಗೆ ಅಂಥ ಮಗಳು ಯಾಕೆ ಹುಟ್ಟಿದ್ಳು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ ಸಾರ್."

ಇಷ್ಟು ಹೇಳಿ ಸಾಬರು ಪೇಪರಿನ ಹಿಂದಕ್ಕೆ ಹೋದರು. ಝುಬೇರ್ ಸಾಬರು ಮುಖ ಒರೆಸಿಕೊಂಡು, ದುಡ್ಡು ಕೊಟ್ಟು, ಇನ್ನೇನೂ ಕೇಳದೆ ಹೊರಟುಹೋದರು. ಬಂದವರು ಗಲ್ಲಿಯೊಳಕ್ಕೆ ಕಾಲೇ ಇಡಲಿಲ್ಲ ಎಂದು ತಿಳಿದು ಗಲ್ಲಿಯವರು ನಿಟ್ಟುಸಿರು ಬಿಟ್ಟರು. ರೇವಮ್ಮ ರಾಗಿ ಮೂಟೆ ಸರಿಸಿ, ಗ್ರೈಂಡರ್ ಒರೆಸಿ, ಸಾಬರ ಮನೆಗೆ ಒಂದು ಪಾತ್ರೆ ದೋಸೆ ಹಿಟ್ಟು ಕಳಿಸಿದರು.

ಶನಿವಾರ ಕುಣಿಗಲ್ಲಿನಿಂದ ಫೋನ್ ಬಂತು. ನಾಳೆ ಮಧ್ಯಾಹ್ನ ಬರುತ್ತೇವೆ, ಮಾತು ಮುಗಿಸೋಣ ಎಂದರು. ಇರಮ್ ಮತ್ತೆ ಗುನುಗತೊಡಗಿದಳು. ರಹಿಮಾ ಬೀ ಮಾತ್ರ ಮಗನನ್ನು ಕರೆದು, "ವಿಚಾರಿಸೋಕೆ ಯಾರೂ ಬಂದಿರಲಿಲ್ವಾ?" ಎಂದು ಕೇಳಿದರು.

"ಯಾರೂ ಬರಲಿಲ್ಲ ಅಮ್ಮೀ. ಬಂದಿದ್ದೋನು ಕರೆಂಟ್ ಆಫೀಸಿನೋನು ಒಬ್ಬನೇ. ಅವನನ್ನ ಚೆನ್ನಾಗಿ ಯಾಮಾರಿಸಿ ಕಳಿಸಿದೀನಿ."

ಭಾನುವಾರ ಮುಬೀನಾ ಗಂಡನ ಮಾತು ಕೇಳಲಿಲ್ಲ. ಬೆಡ್‌ಶೀಟ್ ಎಳೆದು ಹಾಕಿ, ಫ್ರಿಜ್ಜಿಗೆ ವೈರ್ ಚುಚ್ಚಿ, ನಡುಮನೆಯ ಎರಡೂ ಫ್ಯಾನ್ ಹಾಕಿದಳು. ಹುಡುಗನ ತಂದೆ, ತಾಯಿ, ಮುಜಮ್ಮಿಲ್ ಬಂದು ಕೂತರು. "ನಮ್ಮಣ್ಣ ಕಾರ್ ನಿಲ್ಲಿಸಿ ಬರ್ತಿದಾರೆ," ಎಂದರು ಹುಡುಗನ ತಾಯಿ. ಸಾಬರು ಶರಬತ್ತಿನ ತಟ್ಟೆ ಹಿಡಿದು, ಮುಖದ ತುಂಬ ನಗು ಹರಡಿಕೊಂಡು ಒಳಗಿನಿಂದ ಬಂದರು.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ವ್ಯಕ್ತಿಯನ್ನು ನೋಡಿದರು. ಅದೇ ಬಿಳಿ ಅಂಗಿ, ಜೇಬಿನಲ್ಲಿ ಅದೇ ಎರಡು ಪೆನ್ನು.

"ಸ್ಕ್ವಾಡ್!" ಎಂದು ಕಿರುಚಿದರು ಸಾಬರು. "ಫ್ಯಾನ್ ಆರಿಸ್ರೇ! ಫ್ರಿಜ್ ಮುಚ್ರೇ!" ಶರಬತ್ತಿನ ತಟ್ಟೆಯನ್ನು ಹುಡುಗನ ತಂದೆಯ ತೊಡೆಯ ಮೇಲಿಟ್ಟು ಓಡಿಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದರು.

ಫ್ಯಾನುಗಳು ನಿಧಾನವಾಗಿ ನಿಂತವು. ಫ್ರಿಜ್ಜು ಒಮ್ಮೆ ನರಳಿ ಸುಮ್ಮನಾಯಿತು. ಹುಡುಗನ ತಂದೆ ಶರಬತ್ತು ಅಲುಗಾಡದಂತೆ ಕೂತಲ್ಲೇ ಕೂತಿದ್ದರು.

ಸಾಬರು ಬಾಗಿಲಿಗೆ ಬಂದು ಕೈಮುಗಿದರು. ಈಗ ಅವರ ದನಿಯಲ್ಲಿ ಯಾವ ಜಾಣತನವೂ ಉಳಿದಿರಲಿಲ್ಲ. "ಸಾರ್, ಇವತ್ತೊಂದಿನ ಬಿಟ್ಬಿಡಿ. ದಂಡ ಎಷ್ಟಾದ್ರೂ ಹಾಕಿ, ನಾಳೆ ಬಂದು ಕಟ್ತೀನಿ. ನನ್ನ ಮಗಳ ಸಂಬಂಧ ಸಾರ್. ಅವಳು ಒಪ್ಪಿರೋ ಹುಡುಗ. ಇವರೆಲ್ಲ ಕುಣಿಗಲ್ಲಿಂದ ಬಂದಿದಾರೆ. ಇವರ ಮುಂದೆ ಬೇಡ."

"ನಾನೂ ಕುಣಿಗಲ್ಲಿಂದಾನೇ ಬಂದಿದೀನಿ," ಎಂದರು ಝುಬೇರ್ ಸಾಬರು. ಆಮೇಲೆ ಇವರ ಮುಖ ಸರಿಯಾಗಿ ನೋಡಿ ಹುಬ್ಬು ಗಂಟಿಕ್ಕಿದರು. "ನೀವು ಕಟಿಂಗ್ ಶಾಪಲ್ಲಿ ಪೇಪರ್ ಓದ್ತಾ ಇದ್ದೋರಲ್ವಾ? ಸಂಬಂಧ ಕೆಡಿಸೋಕೆ ಮನೆಯೊಳಗೇ ಬಂದ್ಬಿಟ್ರಾ? ನಜೀರ್ ಅಹಮದ್ ಎಲ್ಲಿ? ಕರೀರಿ ಅವರನ್ನ. ಇವರನ್ನ ಯಾರು ಒಳಗೆ ಬಿಟ್ಟಿದ್ದು?"

ಎಲ್ಲರ ಕಣ್ಣೂ ನಜೀರ್ ಸಾಬರ ಕಡೆ ತಿರುಗಿತು. ಕೊನೆಗೆ ರಹಿಮಾ ಬೀ ಮೂಲೆಯಿಂದ, "ಅವನೇ ನಜೀರ್. ನಾನೇ ಹೆತ್ತಿದ್ದು. ಬೇಕಾದ್ರೆ ನನ್ನನ್ನ ಬೈರಿ," ಎಂದರು.

ಝುಬೇರ್ ಸಾಬರು ಕುರ್ಚಿ ಎಳೆದುಕೊಂಡು ಕೂತರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಜೀರ್ ಸಾಬರ ಮುತ್ತು ಒಡೆದು ಚೂರುಚೂರಾಗಿ ಅವರ ಕಾಲಡಿಯಲ್ಲೇ ಬಿದ್ದಿತ್ತು. ತೊದಲುತ್ತ ತೊದಲುತ್ತ ಅವರು ಇಂಗ್ಲೆಂಡಿನಿಂದ ಹಿಡಿದು ಬೆಡ್‌ಶೀಟಿನವರೆಗೆ ಎಲ್ಲ ಹೇಳಿದರು. ಕೇಳುತ್ತ ಮುಜಮ್ಮಿಲ್ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡ. ಝುಬೇರ್ ಸಾಬರು ಮಾತ್ರ ನಗಲಿಲ್ಲ.

"ನನ್ನ ಕಷ್ಟ ಏನು ಗೊತ್ತಾ?" ಎಂದರು ಅವರು. "ಗುಬ್ಬೀಲಿ ವಿಚಾರಿಸಿದೆ. ಟೀ ಅಂಗಡಿಯೋನು, ಪಕ್ಕದ ಮನೆಯೋನು, ಎಲ್ರೂ ಹೊಗಳಿದ್ದೇ ಹೊಗಳಿದ್ದು, ಅದೂ ಒಂದೇ ಥರ. ಯಾರೋ ಹೇಳಿಕೊಟ್ಟ ಹಾಗೆ. ಇಲ್ಲಿ ಬಂದ್ರೆ ಅಪ್ಪನ ಬಗ್ಗೆ ಇಷ್ಟು ಕೀಳಾಗಿ ಮಾತಾಡೋ ಮನುಷ್ಯ, ಮಗಳ ಮಾತು ಬಂದ ತಕ್ಷಣ ಕರಗಿಹೋದ. ವೈರಿ ಬಾಯಲ್ಲೇ ಒಳ್ಳೇ ಮಾತು ಬಂತು ಅಂದ್ಮೇಲೆ ಇನ್ನೇನು ಬೇಕು ಅಂತ ಗುಬ್ಬಿಯೋರಿಗೆ ಬೇಡ ಅಂತ ಹೇಳ್ಬಿಟ್ಟೆ. ಈಗ ನೋಡಿದ್ರೆ ಆ ವೈರಿನೇ ಹುಡುಗಿ ಅಪ್ಪ! ಮಗಳ ಬಗ್ಗೆ ಅಪ್ಪ ಹೇಳಿದ ಮಾತಿಗೆ ಏನು ಬೆಲೆ?"

ಅವರು ಎದ್ದು ನಿಂತರು. ಹುಡುಗನ ತಾಯಿಯೂ ಸೆರಗು ಸರಿಮಾಡಿಕೊಂಡು ಎದ್ದರು. ಮುಜಮ್ಮಿಲ್ ಏಳಲಿಲ್ಲ. ಮುಬೀನಾ ಬಾಯಿಗೆ ಕೈ ಅಡ್ಡ ಹಿಡಿದಳು. ಆಗ ಪರದೆ ಸರಿಸಿಕೊಂಡು ಇರಮ್ ಹೊರಗೆ ಬಂದಳು.

"ಮಾಮೂ, ಅಬ್ಬಾ ಅವತ್ತು ನಿಮಗೆ ಏನೇನು ಹೇಳಿದ್ರು? ಸುಳ್ಳು ಯಾವುದು, ನಿಜ ಯಾವುದು ಅಂತ ನಾನು ಹೇಳ್ತೀನಿ."

ಝುಬೇರ್ ಸಾಬರು ಅವಳನ್ನು ದಿಟ್ಟಿಸಿದರು. ಜೀವನವೆಲ್ಲ ಅರ್ಜಿದಾರರನ್ನು ಪ್ರಶ್ನೆ ಕೇಳಿಯೇ ಸವೆಸಿದವರು. ನಿಂತಲ್ಲಿಂದಲೇ ಶುರು ಮಾಡಿದರು.

"ಮನೇಲಿ ಒಂದೇ ಬಲ್ಬು ಅಂದ್ರು."

"ಸುಳ್ಳು. ಎಲ್ಲಾ ಕೋಣೇಲೂ ಇದೆ."

"ತಲೇಲಿ ಬುದ್ಧಿ ಇಲ್ಲ ಅಂದ್ರು."

ಇರಮ್ ತಂದೆಯ ಕಡೆ ಒಮ್ಮೆ ನೋಡಿದಳು. "ನಿಜ ಮಾಮೂ."

"ಮಧುಗಿರಿ ಬಸ್ಸು?"

"ನಿಜ. ಮದುವೆ ಊಟ ಮುಗಿದ ಮೇಲೆ ಬಂದ್ರು."

"ತಾನು ಬುದ್ಧಿವಂತ ಅನ್ನೋ ಭ್ರಮೆ?"

"ಇವತ್ತು ಬೆಳಿಗ್ಗೆವರೆಗೂ ಇತ್ತು."

ಝುಬೇರ್ ಸಾಬರ ತುಟಿಯಂಚು ಸ್ವಲ್ಪ ಅಲುಗಿತು. "ಮತ್ತೆ, ನಿನ್ನ ಬಗ್ಗೆ ಹೇಳಿದ್ದು?"

ಇರಮ್ ತಬ್ಬಿಬ್ಬಾದಳು. "ನನ್ನ ಬಗ್ಗೆ ಏನಂದ್ರು?"

"ನಿನಗೆ ಗೊತ್ತಿಲ್ವಾ?"

"ಇಲ್ಲ ಮಾಮೂ. ನನ್ನ ಎದುರಿಗೆ ಅವರು ಯಾವತ್ತೂ ಏನೂ ಹೇಳಿಲ್ಲ. ಬಿ.ಎಡ್. ಪಾಸಾದಾಗಲೂ, ಫೀಸು ಬೇರೆ ಕಾಲೇಜಲ್ಲಿ ಕಡಿಮೆ ಇತ್ತು ಅಂದ್ರು."

ಝುಬೇರ್ ಸಾಬರು ನಜೀರ್ ಸಾಬರ ಕಡೆ ತಿರುಗಿದರು. ನಜೀರ್ ಸಾಬರು ಮೇನ್ ಸ್ವಿಚ್ಚನ್ನೇ ಜೀವನದಲ್ಲಿ ಮೊದಲ ಸಲ ಕಂಡವರ ಹಾಗೆ ನೋಡುತ್ತ ನಿಂತಿದ್ದರು. ಅವರ ಕಿವಿ ಕೆಂಪಾಗಿತ್ತು. ಆಗ ಝುಬೇರ್ ಸಾಬರು ಕಟಿಂಗ್ ಶಾಪಿನಲ್ಲಿ ಕೇಳಿದ್ದನ್ನು, ಅಜ್ಜಿಯ ಕಣ್ಣಿನಿಂದ ಹಿಡಿದು ದಡ್ಡನ ಮಗಳವರೆಗೆ, ಒಂದು ಮಾತೂ ಬಿಡದೆ ಆ ಹುಡುಗಿಗೆ ಒಪ್ಪಿಸಿದರು. ಇರಮ್ ಕೇಳುತ್ತ ಕೇಳುತ್ತ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ರಹಿಮಾ ಬೀ ಆಪರೇಷನ್ ಆದ ಕಣ್ಣನ್ನೂ ಆಗದ ಕಣ್ಣನ್ನೂ ಒರೆಸಿಕೊಂಡರು.

"ಅಪ್ಪನಿಗೆ ಬುದ್ಧಿ ಇಲ್ಲ ಅಂತ ಬೀಗರ ಮುಂದೆ ನಿಜ ಹೇಳೋ ಹುಡುಗಿ," ಎಂದರು ಝುಬೇರ್ ಸಾಬರು ತಂಗಿಯ ಕಡೆ ತಿರುಗಿ. "ಮಗಳನ್ನ ಅವಳ ಬೆನ್ನ ಹಿಂದೆ ಮಾತ್ರ ಹೊಗಳೋ ಅಪ್ಪ. ತನ್ನನ್ನ ತಾನು ಇಷ್ಟು ಚೆನ್ನಾಗಿ ಬೈಕೊಳ್ಳೋ ಬೀಗರು ಗುಬ್ಬೀಲಂತೂ ಸಿಕ್ಕಲ್ಲ. ಕೂತ್ಕೊಳ್ಳಮ್ಮ, ಮಾತು ಕೊಟ್ಬಿಡು."

"ಕೊಡ್ತೀನಿ ಭಾಯ್‌ಜಾನ್. ಮೊದಲು ಆ ಫ್ಯಾನ್ ಹಾಕೋಕೆ ಹೇಳಿ, ಸೆಕೇಲಿ ಜೀವ ಹೋಗ್ತಿದೆ," ಎಂದರು ಹುಡುಗನ ತಾಯಿ.

ನಜೀರ್ ಸಾಬರು ಸ್ವಿಚ್ ಮೇಲೆತ್ತಿದರು. ಫ್ಯಾನು ತಿರುಗಿತು, ಫ್ರಿಜ್ಜು ಗುರುಗುಟ್ಟಿತು. ಮುಬೀನಾ ಸಕ್ಕರೆಯ ಬಟ್ಟಲು ತಂದಳು. ಎಲ್ಲರೂ ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ಹುಡುಗನ ತಂದೆಯ ತೊಡೆಯ ಮೇಲಿದ್ದ ಶರಬತ್ತನ್ನು ಯಾರೋ ಕೊನೆಗೂ ಎತ್ತಿಕೊಂಡರು. ನಜೀರ್ ಸಾಬರಿಗೆ ಎಷ್ಟು ಸಂತೋಷವಾಯಿತೆಂದರೆ, ಬಾಯಲ್ಲಿ ಸಕ್ಕರೆ ಕರಗುವ ಮೊದಲೇ ಹೊಸ ಬೀಗರ ಪಕ್ಕ ಸರಿದು ಕೂತು ಕಿವಿಯಲ್ಲಿ ಕೇಳಿದರು.

"ಸುಮ್ನೆ ತಿಳ್ಕೊಳೋಣ ಅಂತ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆ ಗುಬ್ಬಿಯೋರು ಏನೇನು ಕೊಡ್ತೀವಿ ಅಂದಿದ್ರು?"

ರಹಿಮಾ ಬೀ ಬಟ್ಟಲಲ್ಲಿ ಉಳಿದಿದ್ದ ಸಕ್ಕರೆಯಷ್ಟನ್ನೂ ಮಗನ ಬಾಯಿಗೆ ಸುರಿದು, ಬೀಗರು ಕಾರು ಹತ್ತಿ ಹೋಗುವವರೆಗೆ ಆ ಬಾಯಿಯ ಮೇಲಿಟ್ಟ ಕೈ ತೆಗೆಯಲಿಲ್ಲ.